ಒಂದೇ ದಿನ, ಎರಡು ಪ್ರೈಮರಿ: ಲೀಸಾ ಮರ್ಕೌಸ್ಕಿ ಉಳಿದುಕೊಂಡಿದ್ದು ಹೇಗೆ?

2022ರ ಆಗಸ್ಟ್ 16ರಂದು ಅಮೆರಿಕದ ಎರಡು ರಾಜ್ಯಗಳಲ್ಲಿ ಪ್ರೈಮರಿ, ಅಂದರೆ ಅಂತಿಮ ಚುನಾವಣೆಗೆ ಮೊದಲು ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ, ನಡೆಯಿತು. ವಯೋಮಿಂಗ್‌ನಲ್ಲಿ ಲಿಜ್ ಚೇನಿ ಕಣದಲ್ಲಿದ್ದರು, ಅಲಾಸ್ಕದಲ್ಲಿ ಲೀಸಾ ಮರ್ಕೌಸ್ಕಿ. ಇಬ್ಬರೂ ರಿಪಬ್ಲಿಕನ್ನರು. ಇಬ್ಬರ ಅಪ್ಪಂದಿರೂ ದೊಡ್ಡ ರಾಜಕಾರಣಿಗಳು. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ದಾಳಿ ಆದ ನಂತರ ಇಬ್ಬರೂ ತಮ್ಮದೇ ಪಕ್ಷದ ಟ್ರಂಪ್ ವಿರುದ್ಧ ಮತ ಹಾಕಿದ್ದರು. ಚೇನಿ ಕೆಳಮನೆಯಲ್ಲಿ ಮಹಾಭಿಯೋಗದ ಪರ ನಿಂತರು, ಮರ್ಕೌಸ್ಕಿ ಸೆನೆಟ್‌ನಲ್ಲಿ ಟ್ರಂಪ್ ತಪ್ಪಿತಸ್ಥ ಎಂದರು. ಟ್ರಂಪ್ ಅದನ್ನು ಮರೆಯಲಿಲ್ಲ. ಇಬ್ಬರ ಎದುರಾಳಿಗಳಿಗೂ ಬೆಂಬಲ ಕೊಟ್ಟರು.

ಅಂದು ರಾತ್ರಿ ಚೇನಿಗೆ ಸಿಕ್ಕಿದ್ದು ಸುಮಾರು ಶೇ. 29 ಮತ. ಎರಡು ವರ್ಷದ ಹಿಂದಿನ ಪ್ರೈಮರಿಯಲ್ಲಿ ಶೇ. 73 ಪಡೆದಿದ್ದವರು ಅವರು. ಮರ್ಕೌಸ್ಕಿ ಶೇ. 45 ಪಡೆದು ಮೊದಲ ಸ್ಥಾನಕ್ಕೆ ಬಂದರು, ನವೆಂಬರ್‌ನಲ್ಲಿ ಗೆದ್ದು ಇನ್ನೂ ಆರು ವರ್ಷಕ್ಕೆ ಸೆನೆಟ್‌ಗೆ ಹೋದರು. ಎರಡು ರಾಜ್ಯಗಳೂ ಒಂದೇ ರೀತಿ ಇಲ್ಲ, ನಿಜ. 2020ರಲ್ಲಿ ಟ್ರಂಪ್‌ಗೆ ವಯೋಮಿಂಗ್‌ನಲ್ಲಿ ಸುಮಾರು ಶೇ. 70 ಮತ ಬಿದ್ದಿತ್ತು, ಅಲಾಸ್ಕದಲ್ಲಿ ಶೇ. 53. ಆದರೆ ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲಾಸ್ಕದಲ್ಲಿ ಆ ವರ್ಷ ಚುನಾವಣೆಯ ನಿಯಮವೇ ಬದಲಾಗಿತ್ತು. ಪ್ರೈಮರಿಯನ್ನು ಎಲ್ಲರಿಗೂ ತೆರೆದರೆ ರಾಜಕೀಯ ನಡುಹಾದಿಗೆ ಬರುತ್ತದೆ ಎಂದು ವಾದಿಸುವವರು ಮೊದಲು ತೋರಿಸುವ ಉದಾಹರಣೆ ಇದೇ. ಆ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ಈ ಒಂದು ಪ್ರಕರಣದಲ್ಲಿ ನೋಡೋಣ.

ಮೊದಲಿಗೆ ಪ್ರೈಮರಿ ಅಂದರೆ ಏನು ಅಂತ ಚಿಕ್ಕದಾಗಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಕೈಗೆ ಬರುವವರೆಗೂ ಎದೆ ಢವಢವ. ಅಮೆರಿಕದಲ್ಲಿ ಆ ಟಿಕೆಟ್ಟನ್ನು ಮತದಾರರೇ ಕೊಡುತ್ತಾರೆ, ಸರ್ಕಾರ ನಡೆಸುವ ಚುನಾವಣೆಯಲ್ಲಿ. ಕೆಲವು ರಾಜ್ಯಗಳಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸಿದವರು ಮಾತ್ರ ಮತ ಹಾಕಬಹುದು, ಇನ್ನು ಕೆಲವು ಕಡೆ ಯಾರು ಬೇಕಾದರೂ ಹಾಕಬಹುದು. ಕರ್ನಾಟಕಕ್ಕೂ ಇದರ ಸಣ್ಣ ರುಚಿ ಸಿಕ್ಕಿತ್ತು. 2014ರ ಲೋಕಸಭೆ ಚುನಾವಣೆಗೆ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ಪ್ರಯೋಗ ಮಾಡಿದಾಗ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ಪಕ್ಷದ ಪದಾಧಿಕಾರಿಗಳು, ಕಾರ್ಯಕರ್ತರು ಹಾಕಿದ ಮತದಲ್ಲಿ ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಗೆದ್ದರು. ಲೋಕಸಭೆಯಲ್ಲಿ ಇಬ್ಬರೂ ಸೋತರು. ಪ್ರಯೋಗವೂ ಅಲ್ಲಿಗೇ ನಿಂತಿತು.

ಅಲಾಸ್ಕದ ಕಥೆ ಅರ್ಥವಾಗಬೇಕಾದರೆ 2010ಕ್ಕೆ ಹೋಗಬೇಕು. ಮರ್ಕೌಸ್ಕಿಗೆ ಸೆನೆಟ್ ಸ್ಥಾನ ಸಿಕ್ಕಿದ ರೀತಿಯೇ ಜನರಿಗೆ ಹಿಡಿಸಿರಲಿಲ್ಲ. ಅಪ್ಪ ಫ್ರಾಂಕ್ ಮರ್ಕೌಸ್ಕಿ ಇಪ್ಪತ್ತೆರಡು ವರ್ಷ ಸೆನೆಟರ್ ಆಗಿದ್ದರು. 2002ರಲ್ಲಿ ರಾಜ್ಯಪಾಲರಾಗಿ ಗೆದ್ದು ಬಂದರು (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿ ಇದ್ದಂತೆ). ಖಾಲಿಯಾದ ತಮ್ಮ ಸ್ಥಾನಕ್ಕೆ ಮಗಳನ್ನೇ ನೇಮಿಸಿದರು. ಕುಟುಂಬ ರಾಜಕಾರಣ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡವರಿಗೆ ಸಮಾಧಾನ ಆಗಲಿ ಅಂತ ಹೇಳಿದೆ. 2006ರಲ್ಲಿ ಅದೇ ಅಪ್ಪನನ್ನು ಪ್ರೈಮರಿಯಲ್ಲಿ ಸೋಲಿಸಿದವರು ಸಾರಾ ಪೇಲಿನ್, 2008ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು.

2010ರ ಆಗಸ್ಟ್‌ನಲ್ಲಿ ಮಗಳ ಸರದಿ. ಟೀ ಪಾರ್ಟಿ ಎಂಬ ಬಲಪಂಥೀಯ ಚಳವಳಿಯ ಅಲೆಯ ಮೇಲೆ ಬಂದ ಜೋ ಮಿಲ್ಲರ್ ಎಂಬ ವಕೀಲರು ಸುಮಾರು ಎರಡು ಸಾವಿರ ಮತಗಳಿಂದ ಅವರನ್ನು ಸೋಲಿಸಿದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಅಂದಿನ ಅಲಾಸ್ಕ ರಿಪಬ್ಲಿಕನ್ ಪ್ರೈಮರಿ ಪೂರ್ತಿ ಮುಚ್ಚಿದ್ದಾಗಿರಲಿಲ್ಲ. ಯಾವ ಪಕ್ಷಕ್ಕೂ ಸೇರದವರು ರಿಪಬ್ಲಿಕನ್ ಮತಪತ್ರ ಕೇಳಿ ಪಡೆಯಬಹುದಿತ್ತು. ಅಲಾಸ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಮತದಾರರು ಅಂಥವರೇ. ಅಂದರೆ ಬಾಗಿಲು ಆಗಲೇ ಮುಕ್ಕಾಲು ಭಾಗ ತೆರೆದಿತ್ತು. ಆದರೂ ಮರ್ಕೌಸ್ಕಿ ಸೋತರು, ಯಾಕೆಂದರೆ ತೆರೆದ ಬಾಗಿಲಿನಿಂದ ಒಳಗೆ ಬಂದವರು ಕಡಿಮೆ. ಆಗಸ್ಟ್ ಅಲಾಸ್ಕದಲ್ಲಿ ಮೀನು ಹಿಡಿಯುವ ಕಾಲ, ಪ್ರೈಮರಿಗೆ ಅಂತ ಬರುವವರು ರಾಜಕೀಯದ ಹುಚ್ಚಿರುವವರು. ಮೇಲಾಗಿ ಅದೇ ಮತಪತ್ರದಲ್ಲಿ ಅಪ್ರಾಪ್ತ ಹುಡುಗಿಯರ ಗರ್ಭಪಾತಕ್ಕೆ ಮೊದಲು ಹೆತ್ತವರಿಗೆ ತಿಳಿಸಬೇಕೋ ಬೇಡವೋ ಎಂಬ ಪ್ರಶ್ನೆಯೂ ಇತ್ತು. ಸಂಪ್ರದಾಯವಾದಿ ಮತದಾರರು ಅದಕ್ಕಾಗಿಯೇ ಮತಗಟ್ಟೆಗೆ ಬಂದರು.

ಟಿಕೆಟ್ ಕಳೆದುಕೊಂಡ ಮರ್ಕೌಸ್ಕಿ ಮನೆಯಲ್ಲಿ ಕೂರಲಿಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳ ಮತಪತ್ರದಲ್ಲಿ ಕೊನೆಗೆ ಒಂದು ಖಾಲಿ ಗೆರೆ ಇರುತ್ತದೆ. ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಮತದಾರರೇ ಅಲ್ಲಿ ಬರೆಯಬಹುದು. ಅದನ್ನು ನಂಬಿ ಅವರು ಕಣಕ್ಕಿಳಿದರು. ತೊಂದರೆ ಏನೆಂದರೆ, ಮರ್ಕೌಸ್ಕಿ ಅನ್ನುವ ಪೋಲಿಷ್ ಹೆಸರಿನ ಸ್ಪೆಲಿಂಗ್ ಸುಲಭದ್ದಲ್ಲ. ಪ್ರಚಾರದವರು ಹೆಸರು ಅಚ್ಚಾದ ಕೈಪಟ್ಟಿಗಳನ್ನು ಹಂಚಿದರು. ಟಿವಿ ಜಾಹೀರಾತುಗಳಲ್ಲಿ ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಪಕ್ಕದ ವೃತ್ತವನ್ನೂ ತುಂಬಿಸಬೇಕು, ಮರೀಬೇಡಿ ಅಂತ ಪದೇ ಪದೇ ನೆನಪಿಸಿದರು. ಎಣಿಕೆ ಜೂನೋ ನಗರದಲ್ಲಿ ಒಂದೊಂದೇ ಮತಪತ್ರ ಕೈಯಲ್ಲಿ ಹಿಡಿದು ನಡೆಯಿತು. ಒಂದಕ್ಷರ ಆಚೀಚೆ ಆದರೂ ಮಿಲ್ಲರ್ ಕಡೆಯವರು ಆಕ್ಷೇಪ ಎತ್ತಿದರು, ಹಾಗೆ ತಕರಾರಿಗೆ ಸಿಕ್ಕಿದ್ದು ಎಂಟು ಸಾವಿರದಷ್ಟು ಮತ. ಅವನ್ನೆಲ್ಲ ಬಿಟ್ಟು ಎಣಿಸಿದರೂ ಮರ್ಕೌಸ್ಕಿಯೇ ಮುಂದಿದ್ದರು. 1954ರಲ್ಲಿ ಸ್ಟ್ರಾಮ್ ಥರ್ಮಂಡ್ ಗೆದ್ದ ನಂತರ ಹೆಸರು ಬರೆಸಿಕೊಂಡು ಸೆನೆಟ್‌ಗೆ ಹೋದವರು ಇವರೊಬ್ಬರೇ.

ನನ್ನ ಪ್ರಕಾರ ಈ ಪ್ರಕರಣದ ಬೀಜ ಇಲ್ಲೇ ಇದೆ. ಇಡೀ ರಾಜ್ಯದ ಮತದಾರರಲ್ಲಿ ಮರ್ಕೌಸ್ಕಿಗೆ ಬೆಂಬಲ ಇತ್ತು. ಆ ಬೆಂಬಲ ನವೆಂಬರ್‌ವರೆಗೆ ತಲುಪಲು ಪಕ್ಷದ ಪ್ರೈಮರಿ ಅಡ್ಡ ಬಂತು. ಅವರಿಗೆ ದುಡ್ಡಿತ್ತು, ಹೆಸರಿತ್ತು, ಎಂಟು ವರ್ಷದ ಅಧಿಕಾರವಿತ್ತು, ಹಾಗಾಗಿ ಬೇಲಿ ಹಾರಿದರು. ಸಾಮಾನ್ಯ ಶಾಸಕರಿಗೆ ಅದು ಆಗುವ ಕೆಲಸವಾ?

ಹತ್ತು ವರ್ಷದ ನಂತರ, 2020ರ ನವೆಂಬರ್‌ನಲ್ಲಿ, ಅಲಾಸ್ಕದ ಜನ ಆ ಬೇಲಿಯನ್ನೇ ಕಿತ್ತರು. ಜನಮತಗಣನೆಯಲ್ಲಿ ಎರಡನೇ ಪ್ರಸ್ತಾವ ಶೇ. 50.55 ಮತ ಪಡೆದು ಪಾಸಾಯಿತು, ಅಂತರ ನಾಲ್ಕು ಸಾವಿರಕ್ಕೂ ಕಡಿಮೆ. ಪ್ರಸ್ತಾವದ ಹಿಂದಿದ್ದ ವಕೀಲ ಸ್ಕಾಟ್ ಕೆಂಡಾಲ್ ಹಿಂದೆ ಮರ್ಕೌಸ್ಕಿ ಪ್ರಚಾರದಲ್ಲಿ ಕೆಲಸ ಮಾಡಿದವರು. ಇದು ಮರ್ಕೌಸ್ಕಿಗಾಗಿಯೇ ಹೊಲಿದ ಅಂಗಿ ಎಂದು ವಿರೋಧಿಗಳು ಇಂದಿಗೂ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯ ಇದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಮತ ಹಾಕಿದ್ದು ಜನ, ಅದೂ ಅಷ್ಟೇ ನಿಜ.

ಹೊಸ ನಿಯಮ ಹೀಗೆ. ಆಗಸ್ಟ್‌ನ ಪ್ರೈಮರಿಯಲ್ಲಿ ಎಲ್ಲ ಪಕ್ಷಗಳ ಎಲ್ಲ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿ. ಯಾರು ಬೇಕಾದರೂ ಒಬ್ಬರಿಗೆ ಮತ ಹಾಕಬಹುದು. ಮೊದಲ ನಾಲ್ವರು ನವೆಂಬರ್‌ಗೆ ಹೋಗುತ್ತಾರೆ, ನಾಲ್ವರೂ ಒಂದೇ ಪಕ್ಷದವರಾದರೂ ಸರಿ. ನವೆಂಬರ್‌ನಲ್ಲಿ ಪ್ರಾಶಸ್ತ್ಯದ ಮತ. ನಮ್ಮ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ. ಒಂದು, ಎರಡು, ಮೂರು ಅಂತ ಗುರುತು ಮಾಡುವುದು, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ವರ್ಗಾಯಿಸುವುದು. ಮುಖ್ಯ ಬದಲಾವಣೆ ಏನೆಂದರೆ, ಟಿಕೆಟ್ ಅನ್ನುವುದೇ ಇಲ್ಲವಾಯಿತು. ಪಕ್ಷ ಯಾರನ್ನಾದರೂ ಬೆಂಬಲಿಸಬಹುದು, ಆದರೆ ಯಾರನ್ನೂ ತಡೆಯಲಾಗದು.

2021ರ ಮಾರ್ಚ್‌ನಲ್ಲಿ ಅಲಾಸ್ಕ ರಿಪಬ್ಲಿಕನ್ ಪಕ್ಷ ಮರ್ಕೌಸ್ಕಿ ವಿರುದ್ಧ ಖಂಡನಾ ನಿರ್ಣಯ ಮಾಡಿತು. ಜುಲೈನಲ್ಲಿ ಎದುರಾಳಿ ಕೆಲ್ಲಿ ಚಿಬಾಕಾ ಅವರನ್ನು ಬೆಂಬಲಿಸಿತು. ಹಳೆಯ ನಿಯಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಯಾವುದೇ ಸೆನೆಟರ್ ಮೆತ್ತಗಾಗಬೇಕಿತ್ತು. 2022ರ ಏಪ್ರಿಲ್‌ನಲ್ಲಿ, ಪ್ರೈಮರಿಗೆ ನಾಲ್ಕು ತಿಂಗಳು ಇರುವಾಗ, ಬೈಡನ್ ನೇಮಿಸಿದ ಕೆತಾಂಜಿ ಬ್ರೌನ್ ಜಾಕ್ಸನ್ ಅವರನ್ನು ಸುಪ್ರೀಂ ಕೋರ್ಟಿಗೆ ಕಳಿಸುವ ಮತದಾನ ನಡೆಯಿತು. ಪರವಾಗಿ ನಿಂತ ರಿಪಬ್ಲಿಕನ್ನರು ಮೂವರೇ. ಸೂಸನ್ ಕಾಲಿನ್ಸ್, ಮಿಟ್ ರಾಮ್ನಿ ಮತ್ತು ಮರ್ಕೌಸ್ಕಿ. ಮೊದಲಿಬ್ಬರಿಗೆ ಆ ವರ್ಷ ಚುನಾವಣೆ ಇರಲಿಲ್ಲ. ಮರ್ಕೌಸ್ಕಿಗೆ ಇತ್ತು.

ಆಗಸ್ಟ್‌ನಲ್ಲಿ ಮರ್ಕೌಸ್ಕಿಗೆ ಶೇ. 45, ಚಿಬಾಕಾಗೆ ಶೇ. 38.6. ನವೆಂಬರ್‌ನ ಮೊದಲ ಎಣಿಕೆಯಲ್ಲಿ ಅಂತರ ಒಂದು ಶೇಕಡಾವೂ ಇರಲಿಲ್ಲ: 43.4 ಮತ್ತು 42.6. ಡೆಮಾಕ್ರಟ್ ಪ್ಯಾಟ್ ಚೆಸ್ಬ್ರೋಗೆ ಶೇ. 10ರಷ್ಟು ಬಿದ್ದಿತ್ತು. ಅವರು ಹೊರಬಿದ್ದಾಗ ಆ ಮತಗಳಲ್ಲಿ ಹೆಚ್ಚಿನವು ಮರ್ಕೌಸ್ಕಿ ಕಡೆ ಹರಿದವು. ಕೊನೆಗೆ 53.7ಕ್ಕೆ 46.3. ರಿಪಬ್ಲಿಕನ್ ಸೆನೆಟರನ್ನು ದಡ ಸೇರಿಸಿದ್ದು ಡೆಮಾಕ್ರಟ್ ಮತದಾರರ ಮುಂದಿನ ಪ್ರಾಶಸ್ತ್ಯ. ಇದು ಅಪಘಾತವೇನಲ್ಲ. ಅಕ್ಟೋಬರ್‌ನಲ್ಲೇ ಮರ್ಕೌಸ್ಕಿ, ಕೆಳಮನೆಗೆ ನಿಂತಿದ್ದ ಡೆಮಾಕ್ರಟ್ ಮೇರಿ ಪೆಲ್ಟೋಲಾ ಅವರಿಗೇ ನನ್ನ ಮೊದಲ ಪ್ರಾಶಸ್ತ್ಯ ಎಂದಿದ್ದರು. ಪೆಲ್ಟೋಲಾ ಕೂಡ ಅದನ್ನೇ ಮರ್ಕೌಸ್ಕಿ ಬಗ್ಗೆ ಹೇಳಿದ್ದರು. ಪಕ್ಷದ ಪ್ರೈಮರಿ ಇರುವ ಕಡೆ ಇಂಥ ಮಾತು ಆಡಿದರೆ ಅಂದೇ ಕಥೆ ಮುಗಿಯುತ್ತದೆ.

ಆದರೆ ಮರ್ಕೌಸ್ಕಿ ದೊಡ್ಡ ಹೆಸರು, ಅವರಿಗೆ ಬೇಲಿ ಹಾರುವುದು ಮೊದಲೇ ಗೊತ್ತಿತ್ತು. ಹಾಗಾಗಿ ನನಗೆ ಜಾಸ್ತಿ ಮುಖ್ಯ ಅನ್ನಿಸುವ ಸಾಕ್ಷಿ ಕ್ಯಾಥಿ ಗೀಸೆಲ್ ಅವರದು. ಆಂಕರೇಜ್‌ನ ಈ ರಿಪಬ್ಲಿಕನ್ ನಾಯಕಿ ರಾಜ್ಯ ಸೆನೆಟ್‌ನ, ಅಂದರೆ ಅಲಾಸ್ಕದ್ದೇ ಶಾಸನಸಭೆಯ ಮೇಲ್ಮನೆಯ, ಅಧ್ಯಕ್ಷೆಯಾಗಿದ್ದರು. ಅಲಾಸ್ಕದಲ್ಲಿ ತೈಲದ ಹಣದ ನಿಧಿಯಿಂದ 1982ರಿಂದ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ದುಡ್ಡು ಸಿಗುತ್ತದೆ. ತೈಲದ ಬೆಲೆ ಬಿದ್ದು ಬಜೆಟ್ಟಿಗೇ ಕುತ್ತು ಬಂದಾಗ, ಹಳೆಯ ಲೆಕ್ಕದಂತೆ ಪೂರ್ತಿ ಹಂಚಲು ಆಗದು ಎಂದವರಲ್ಲಿ ಗೀಸೆಲ್ ಒಬ್ಬರು. 2020ರಲ್ಲಿ ಜನರಿಗೆ ಸಿಕ್ಕಿದ್ದು 992 ಡಾಲರ್. ಪೂರ್ತಿ ಕೊಡಿಸುತ್ತೇವೆ ಎಂದು ಮಾತು ಕೊಟ್ಟವರು ಆ ವರ್ಷದ ರಿಪಬ್ಲಿಕನ್ ಪ್ರೈಮರಿಯಲ್ಲಿ ಹಾಲಿಗಳನ್ನು ಸಾಲಾಗಿ ಕೆಡವಿದರು. ಗೀಸೆಲ್ ರಾಜರ್ ಹಾಲೆಂಡ್ ಎದುರು ಸೋತರು. ಇನ್ನೊಬ್ಬ ಹಿರಿಯ ಸೆನೆಟರ್ ಜಾನ್ ಕೋಗಿಲ್ 14 ಮತಗಳಿಂದ ಸೋತರು. ಕೈಗೆ ಬರುವ ದುಡ್ಡು ಕಡಿಮೆ ಆಗುತ್ತದೆ ಅಂತ ನಿಜ ಹೇಳಿದ್ದಕ್ಕೆ ತೆತ್ತ ಬೆಲೆ ಅದು.

2022ರಲ್ಲಿ ಹೊಸ ನಿಯಮದಡಿ ಗೀಸೆಲ್ ಮತ್ತೆ ನಿಂತರು. ಎದುರಿಗೆ ಅದೇ ಹಾಲೆಂಡ್, ಜೊತೆಗೆ ಒಬ್ಬ ಡೆಮಾಕ್ರಟ್. ಈ ಸಲ ಮೂವರೂ ನವೆಂಬರ್‌ವರೆಗೆ ಬಂದರು, ಪ್ರಾಶಸ್ತ್ಯದ ಎಣಿಕೆ ಮುಗಿದಾಗ ಗೀಸೆಲ್ ಗೆದ್ದಿದ್ದರು. ಚುನಾವಣೆ ಆದ ಕೂಡಲೇ ರಾಜ್ಯ ಸೆನೆಟ್‌ನ 20 ಸದಸ್ಯರಲ್ಲಿ 17 ಜನ ಒಂದು ಮೈತ್ರಿಕೂಟ ಕಟ್ಟಿದರು. ಒಂಬತ್ತು ಡೆಮಾಕ್ರಟರು, ಎಂಟು ರಿಪಬ್ಲಿಕನ್ನರು. ಗೀಸೆಲ್ ಅದರ ಬಹುಮತದ ನಾಯಕಿ.

ಇಲ್ಲಿಗೇ ನಿಲ್ಲಿಸಿದರೆ ಸುಧಾರಣೆ ಗೆದ್ದಿತು ಅಂತ ಬರೆದುಬಿಡಬಹುದು. ಆದರೆ ಎದುರಿನ ಸಾಕ್ಷಿಯೂ ಕಡಿಮೆ ಇಲ್ಲ.

ಮೊದಲನೆಯದು, ಮರ್ಕೌಸ್ಕಿ ಬದಲಾಗಲೇ ಇಲ್ಲ. ಒಬಾಮಾ ಆರೋಗ್ಯ ಕಾನೂನು ರದ್ದು ಮಾಡುವ ಮಸೂದೆಗೆ 2017ರಲ್ಲಿ ಬೇಡ ಎಂದವರು, 2018ರಲ್ಲಿ ಬ್ರೆಟ್ ಕ್ಯಾವನಾ ನೇಮಕಕ್ಕೆ ಬೆಂಬಲ ಕೊಡದವರು ಅವರೇ. ಆಗ ಹೊಸ ನಿಯಮದ ಸುದ್ದಿಯೂ ಇರಲಿಲ್ಲ. ರಾಜ್ಯ ಸೆನೆಟ್‌ನ ಮೈತ್ರಿಕೂಟವೂ ಹೊಸದಲ್ಲ. 2007ರಿಂದ 2012ರವರೆಗೆ ಅಲಾಸ್ಕದಲ್ಲಿ ಅಂಥದ್ದೇ ಕೂಟ ಇತ್ತು. 2022ರ ಕೂಟದ ಅಧ್ಯಕ್ಷ, ಕೋಡಿಯಾಕ್‌ನ ಗ್ಯಾರಿ ಸ್ಟೀವನ್ಸ್, ಆಗಲೂ ಅಧ್ಯಕ್ಷರಾಗಿದ್ದವರು. ರಾಜ್ಯದ ಕೆಳಮನೆಯಲ್ಲಿ 2017ರಲ್ಲಿ ಎರಡೂ ಪಕ್ಷದವರು ಸೇರಿ ಆಡಳಿತ ನಡೆಸಿದ್ದರು. ಪಕ್ಷಕ್ಕಿಂತ ಊರು, ಮೀನುಗಾರಿಕೆ, ತೈಲ ಮುಖ್ಯ ಎನ್ನುವ ರಾಜ್ಯ ಅದು. ನಿಯಮ ಅಲ್ಲಿ ಇದ್ದ ಸ್ವಭಾವಕ್ಕೆ ದಾರಿ ಬಿಟ್ಟಿತು, ಸ್ವಭಾವವನ್ನೇ ಹುಟ್ಟಿಸಲಿಲ್ಲ. ಇದೇ ನಿಯಮವನ್ನು ಬೇರೆ ಕಡೆ ನೆಟ್ಟರೆ ಅಷ್ಟೇ ಫಲ ಬರುತ್ತದೆ ಅಂತ ನಾನು ಹೇಳಲಾರೆ.

ಎರಡನೆಯದು ಪೇಲಿನ್ ಪ್ರಸಂಗ. 49 ವರ್ಷ ಅಲಾಸ್ಕದ ಏಕೈಕ ಕೆಳಮನೆ ಸದಸ್ಯರಾಗಿದ್ದ ಡಾನ್ ಯಂಗ್ 2022ರ ಮಾರ್ಚ್‌ನಲ್ಲಿ ತೀರಿಕೊಂಡರು. ಉಪಚುನಾವಣೆಯ ಪ್ರೈಮರಿಗೆ 48 ಜನ ನಿಂತರು. ಅದರಲ್ಲಿ ನಾರ್ತ್ ಪೋಲ್ ಎಂಬ ಊರಿನ ಕೌನ್ಸಿಲರ್ ಸಾಂಟಾ ಕ್ಲಾಸ್ ಕೂಡ ಒಬ್ಬರು, ಕಾನೂನಿನ ಪ್ರಕಾರ ಅವರ ಹೆಸರೇ ಅದು. ಪೆಲ್ಟೋಲಾ ಶೇ. 10ರಷ್ಟು ಮತ ಪಡೆದು ನಾಲ್ಕನೆಯವರಾಗಿ ತೇಲಿಕೊಂಡರು. ಮೂರನೆಯ ಸ್ಥಾನದವರು ಹಿಂದೆ ಸರಿದರು. ಆಗಸ್ಟ್ 16ರಂದೇ, ಮರ್ಕೌಸ್ಕಿ ಪ್ರೈಮರಿ ಅಚ್ಚಾಗಿದ್ದ ಅದೇ ಹಾಳೆಯ ಇನ್ನೊಂದು ಮಗ್ಗುಲಲ್ಲಿ, ಈ ಉಪಚುನಾವಣೆಯ ಅಂತಿಮ ಸುತ್ತು. ಪೆಲ್ಟೋಲಾ 40.2, ಪೇಲಿನ್ 31.3, ಇನ್ನೊಬ್ಬ ರಿಪಬ್ಲಿಕನ್ ನಿಕ್ ಬೆಗಿಚ್ 28.5. ಬೆಗಿಚ್ ಹೊರಬಿದ್ದರು. ಅವರ ಮತದಾರರಲ್ಲಿ ಅರ್ಧದಷ್ಟು ಜನ ಮಾತ್ರ ಪೇಲಿನ್‌ಗೆ ಹೋದರು. ಪೆಲ್ಟೋಲಾ ಗೆದ್ದರು, ಅಮೆರಿಕದ ಸಂಸತ್ತಿಗೆ ಹೋದ ಮೊದಲ ಅಲಾಸ್ಕ ಮೂಲನಿವಾಸಿ ಆದರು.

ಆಮೇಲೆ ಮತಪತ್ರಗಳ ದಾಖಲೆ ಜಾಲಾಡಿದ ಗಣಿತಜ್ಞರಿಗೆ ಒಂದು ವಿಚಿತ್ರ ಕಂಡಿತು. ಬೆಗಿಚ್ ಒಬ್ಬರನ್ನೇ ಪೆಲ್ಟೋಲಾ ಎದುರು ನಿಲ್ಲಿಸಿದ್ದರೆ ಬೆಗಿಚ್ ಗೆಲ್ಲುತ್ತಿದ್ದರು. ಪೇಲಿನ್ ಎದುರು ನಿಲ್ಲಿಸಿದ್ದರೂ ಅವರೇ. ಅಂದರೆ ಎಡಕ್ಕೂ ಬಲಕ್ಕೂ ನಡುವೆ ಇದ್ದವರೇ ಮೊದಲು ಹೊರಗೆ ಹೋದರು, ಯಾಕೆಂದರೆ ಅವರು ಎಲ್ಲರ ಎರಡನೇ ಆಯ್ಕೆ, ಮೊದಲ ಆಯ್ಕೆ ಕಡಿಮೆ ಜನರಿಗೆ. ನಡುಹಾದಿಯವರನ್ನು ಕಾಪಾಡುವ ನಿಯಮ ಅಂತ ಹೆಸರಾದದ್ದು ನಡುವಿನವರನ್ನೇ ಹಿಂಡಿಹಾಕಿತು. ಗೆದ್ದ ಪೆಲ್ಟೋಲಾ ಡಾನ್ ಯಂಗ್ ಕಚೇರಿಯ ರಿಪಬ್ಲಿಕನ್ ಸಿಬ್ಬಂದಿಯನ್ನೂ ಜೊತೆಗೆ ಇಟ್ಟುಕೊಂಡ ಮೃದು ರಾಜಕಾರಣಿ, ಹಾಗಾಗಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಮೂರನೆಯದು ವಯೋಮಿಂಗ್. ಅಲ್ಲಿನ ಪ್ರೈಮರಿ ಹೆಸರಿಗೆ ಮುಚ್ಚಿದ್ದು, ಆದರೆ ಆಗ ಮತಗಟ್ಟೆಯಲ್ಲೇ ಪಕ್ಷ ಬದಲಾಯಿಸಬಹುದಿತ್ತು. ಹೇಗೆ ಬದಲಾಯಿಸಬೇಕು ಅಂತ ಚೇನಿ ಪ್ರಚಾರದವರು ಡೆಮಾಕ್ರಟರಿಗೆ ಅಂಚೆ ಕಳಿಸಿದರು. ಸಾವಿರಾರು ಜನ ಬಂದರು, ಸಾಕಾಗಲಿಲ್ಲ. ಹೊರಗಿನವರು ಎಷ್ಟೇ ಒಳಗೆ ಬಂದರೂ ಗೆಲ್ಲುವವರು ಒಬ್ಬರೇ ಆದಾಗ ಪಕ್ಷದ ಗಟ್ಟಿ ಮತದಾರರೇ ತೀರ್ಪು ಕೊಡುತ್ತಾರೆ. ಮರುವರ್ಷ ವಯೋಮಿಂಗ್ ಆ ಕಿಂಡಿಯನ್ನೂ ಮುಚ್ಚಿತು. ಐವರು ವಿದ್ವಾಂಸರು ಹಲವು ರಾಜ್ಯಗಳ ಶಾಸಕರ ಮತದಾನವನ್ನು ಅಳೆದು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶವೂ ಇದಕ್ಕೆ ಹತ್ತಿರ: ಪ್ರೈಮರಿ ತೆರೆದಿದ್ದರೂ ಮುಚ್ಚಿದ್ದರೂ ಶಾಸಕರ ನಿಲುವಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಅಲಾಸ್ಕದಲ್ಲಿ ಕೆಲಸ ಮಾಡಿದ್ದು ಏನು? ಒಳಗೆ ಯಾರು ಬರಬಹುದು ಎನ್ನುವುದಕ್ಕಿಂತ, ಎಷ್ಟು ಜನ ಮುಂದಕ್ಕೆ ಹೋಗಬಹುದು ಎನ್ನುವುದು. ಇದಕ್ಕೆ ವಾಷಿಂಗ್ಟನ್ ರಾಜ್ಯದಲ್ಲಿ ಒಳ್ಳೆಯ ಪರೀಕ್ಷೆ ಇದೆ. ಅಲ್ಲಿಯೂ ಎಲ್ಲರಿಗೂ ತೆರೆದ ಪ್ರೈಮರಿ, ಆದರೆ ಮುಂದೆ ಹೋಗುವವರು ಇಬ್ಬರೇ. ಟ್ರಂಪ್ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ಕೆಳಮನೆ ರಿಪಬ್ಲಿಕನ್ನರಲ್ಲಿ 2022 ದಾಟಿ ಉಳಿದವರು ಇಬ್ಬರು. ವಾಷಿಂಗ್ಟನ್‌ನ ಡಾನ್ ನ್ಯೂಹೌಸ್, ಕ್ಯಾಲಿಫೋರ್ನಿಯಾದ ಡೇವಿಡ್ ವಲಡೇವೊ. ಇಬ್ಬರದೂ ಮೊದಲಿಬ್ಬರು ಮುಂದೆ ಹೋಗುವ ರಾಜ್ಯ. ಆದರೆ ವಾಷಿಂಗ್ಟನ್‌ನವರೇ ಆದ ಹೈಮೆ ಹೆರೆರಾ ಬ್ಯೂಟ್ಲರ್ ಸುಮಾರು ಅರ್ಧ ಶೇಕಡಾ ಅಂತರದಲ್ಲಿ ಮೂರನೆಯವರಾಗಿ ಮನೆಗೆ ಹೋದರು. ಅಲಾಸ್ಕದ ನಿಯಮವಿದ್ದಿದ್ದರೆ ನವೆಂಬರ್ ಕಣದಲ್ಲಿ ಇರುತ್ತಿದ್ದರು. ಅವರ ಜಾಗದಲ್ಲಿ ಹೋದ ಟ್ರಂಪ್ ಬೆಂಬಲಿಗ ಜೋ ಕೆಂಟ್ ಕೊನೆಗೆ ಡೆಮಾಕ್ರಟ್ ಮೇರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್ ಎದುರು ಮೂರು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಇಬ್ಬರೋ ನಾಲ್ವರೋ ಅನ್ನುವ ಸುಮ್ನೆ ಒಂದು ಸಂಖ್ಯೆಯ ಮೇಲೆ ಇಷ್ಟೆಲ್ಲ ನಿಂತಿದೆ.

ಪಕ್ಷಗಳೂ ಪಾಠ ಕಲಿತವು. 2024ರ ಆಗಸ್ಟ್‌ನಲ್ಲಿ ಪೆಲ್ಟೋಲಾ ಶೇ. 50.9 ಪಡೆದರು, ಬೆಗಿಚ್ ಎರಡನೆಯವರು, ಟ್ರಂಪ್ ಬೆಂಬಲವಿದ್ದ ಉಪ ರಾಜ್ಯಪಾಲೆ ನ್ಯಾನ್ಸಿ ಡಾಲ್‌ಸ್ಟ್ರಾಮ್ ಮೂರನೆಯವರು. ಮೂರೇ ದಿನದಲ್ಲಿ ಡಾಲ್‌ಸ್ಟ್ರಾಮ್ ಹಿಂದೆ ಸರಿದರು. ತಾನು ಹಿಂದೆ ಬಿದ್ದರೆ ನಾನೂ ಸರಿಯುತ್ತೇನೆ ಅಂತ ಬೆಗಿಚ್ ಮೊದಲೇ ಹೇಳಿದ್ದರು. ತೆರೆದ ಪ್ರೈಮರಿಯ ಒಳಗೇ ರಿಪಬ್ಲಿಕನ್ನರು ತಮ್ಮ ಪ್ರೈಮರಿ ನಡೆಸಿಕೊಂಡರು ಅನ್ನಿ. ನವೆಂಬರ್‌ನಲ್ಲಿ ಬೆಗಿಚ್ 51.2ಕ್ಕೆ 48.8ರಂತೆ ಗೆದ್ದರು. ಖಾಲಿಯಾದ ಜಾಗದಲ್ಲಿ ಮೇಲೆ ಬಂದು ಮತಪತ್ರದಲ್ಲಿ ಕೂತ ಇನ್ನೊಬ್ಬ ಡೆಮಾಕ್ರಟ್, ನ್ಯೂಯಾರ್ಕಿನ ಕೇಂದ್ರ ಸರ್ಕಾರದ ಜೈಲಿನಲ್ಲಿದ್ದ ಕೈದಿ!

ಅದೇ ನವೆಂಬರ್‌ನಲ್ಲಿ ನಿಯಮವನ್ನೇ ರದ್ದು ಮಾಡಬೇಕೇ ಎಂಬ ಪ್ರಶ್ನೆಯೂ ಜನರ ಮುಂದಿತ್ತು. ಉಳಿಸಿಕೊಳ್ಳಬೇಕು ಎಂದವರು ಒಂದು ಕೋಟಿ ಡಾಲರಿಗೂ ಹೆಚ್ಚು ಸುರಿದರು, ಅದರಲ್ಲಿ ಬಹುಪಾಲು ಹೊರರಾಜ್ಯದ ಹಣ. ಎದುರಿನವರ ಖರ್ಚು ಅದರ ಮುಂದೆ ಏನೂ ಅಲ್ಲ. ಆದರೂ ಮರುಎಣಿಕೆ ಮುಗಿದಾಗ ನಿಯಮ ಉಳಿದದ್ದು 743 ಮತಗಳಿಂದ. ಅದೇ ದಿನ ನೆವಾಡ, ಕೊಲರಾಡೊ, ಐಡಹೊ ರಾಜ್ಯಗಳ ಜನ ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಲೂಸಿಯಾನ ಇನ್ನೂ ಮುಂದೆ ಹೋಗಿ, ದಶಕಗಳಿಂದ ಇದ್ದ ಎಲ್ಲರ ಪ್ರೈಮರಿಯನ್ನು ಬಿಟ್ಟು, 2026ರಿಂದ ಸಂಸತ್ ಚುನಾವಣೆಗೆ ಪಕ್ಷದ ಪ್ರೈಮರಿಯನ್ನೇ ತರುವ ಕಾನೂನು ಮಾಡಿತು. ಅಲ್ಲಿನ ಸೆನೆಟರ್ ಬಿಲ್ ಕ್ಯಾಸಿಡಿ, 2021ರಲ್ಲಿ ಮರ್ಕೌಸ್ಕಿ ಜೊತೆ ಟ್ರಂಪ್ ತಪ್ಪಿತಸ್ಥ ಎಂದು ಮತ ಹಾಕಿದ ಏಳು ರಿಪಬ್ಲಿಕನ್ನರಲ್ಲಿ ಒಬ್ಬರು. ಅವರ ಅವಧಿ ಮುಗಿಯುವುದೂ ಆ ಚುನಾವಣೆಗೇ.